ಮೊದಲ ಮಾತಿನ ಈರಪ್ಪ

ಇಸ್ಪೀಟಿನ ಐದು ಎಲೆ ಕೈಗೆ ಬಂದ ಕೂಡಲೇ ಈರಪ್ಪ ಅವನ್ನು ಎದೆಗೊತ್ತಿ ಹಿಡಿದು, ಯಾರೂ ಕೇಳುವ ಮೊದಲೇ "ಆಡ್ತೀನ್ರಿ" ಎನ್ನುತ್ತಿದ್ದ. ಪಡಸಾಲೆ ತುಂಬ ನಗು. ಆ ನಗು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅವನು ನಮ್ಮ ರಬಕವಿಯ ಮಗ್ಗದ ಮಿಸ್ತ್ರಿ. ಪವರ್‌ಲೂಮಿನ ಸದ್ದನ್ನು ಬೀದಿಯಲ್ಲಿ ನಿಂತು ಕೇಳಿಯೇ ಎಲ್ಲಿ ಏನು ಸಡಿಲಾಗಿದೆ ಎಂದು ಹೇಳುವವನು. ಭಾನುವಾರ ಮಧ್ಯಾಹ್ನ ವಕೀಲರ ಪಡಸಾಲೆಯಲ್ಲಿ ಪೋಕರ್ ನಡೆಯುತ್ತಿತ್ತು. ವಕೀಲರು ಪುಣೆಯಲ್ಲಿ ಓದುವಾಗ ಕಲಿತು ಬಂದ ಆಟ. ಪಣಕ್ಕೆ ಹುಣಸೆ ಬೀಜ. ಐದು ಎಲೆ, ಬೇಡವಾದದ್ದನ್ನು ಒಮ್ಮೆ ಬದಲಿಸಬಹುದು. ಶಾಲಾ ಮಾಸ್ತರನಾದ ನಾನೂ ಇಬ್ಬರು ಸೀರೆ ವ್ಯಾಪಾರಿಗಳೂ ಕೂಡುತ್ತಿದ್ದೆವು.

ಎಲೆ ಹಂಚುವವನ ಎಡಕ್ಕೆ ಕುಳಿತವನು, ಆಡುವೆನೋ ಎಲೆ ಬಿಡುವೆನೋ ಎಂದು, ಮೊದಲು ಮಾತಾಡಬೇಕು. ಹಂಚುವವನು ಎಲ್ಲರದನ್ನೂ ಕೇಳಿ ಕಡೆಗೆ ಬಾಯಿ ತೆರೆಯುತ್ತಾನೆ. ನಮ್ಮಲ್ಲಿ ಹಂಚುವವರು ಯಾವಾಗಲೂ ವಕೀಲರೇ. ಮನೆ ಅವರದು, ಚಹಾ ಅವರದು, ಗಾದಿಯೂ ಅವರದು. ಅವರ ಎಡಕ್ಕೆ, ಗಾದಿ ಮುಗಿದು ಬರೀ ಜಮಖಾನೆ ಉಳಿದ ಜಾಗದಲ್ಲಿ, ಯಾವಾಗಲೂ ಈರಪ್ಪ. ಇದನ್ನು ಯಾರೂ ಗೊತ್ತುಮಾಡಿರಲಿಲ್ಲ, ಹಾಗೇ ನಡೆದಿತ್ತು.

ಐದೂ ಎಲೆ ಒಂದೇ ಜಾತಿಯವಾದರೆ ದೊಡ್ಡ ಕೈ. ನಾಲ್ಕು ಆಟೀನು ಬಂದು ಐದನೆಯದಕ್ಕೆ ಕಾಯುವಂಥ ಆಸೆಯ ಎಲೆಗಳನ್ನು ಅವನು ಬಿಟ್ಟವನೇ ಅಲ್ಲ. "ಮೊದಲ ಮಾತಿಗೆ ಕುಂತು ಇಂಥಾ ಎಲಿ ಆಡಬಾರದೋ ಈರಪ್ಪಾ" ಎಂದು ನಾನು ಪಾಠ ಹೇಳುತ್ತಿದ್ದೆ.

"ಮಾಸ್ತರ್ರ, ಈ ಮಂದ್ಯಾಗ ಯಾರರ ಎಲಿ ಬಿಡ್ತಾರೇನ್ರಿ? ಎಲ್ಲಾರೂ ಹಿಂದ ಬರ್ತಾರ. ಐದನೇದ್ದು ಬಿತ್ತಂದ್ರ ಅಷ್ಟೂ ಬೀಜ ನಂದ. ಛಲೋ ಎಲಿ ಬರ್ಲಿ ಅಂತ ಕುಂತ್ರ ನಾ ಬರೇ ಚಹಾ ಕುಡದು ಮನಿಗೆ ಹೋಗಬೇಕು."

ಅವನ ಎಣಿಕೆ ತಪ್ಪಿರಲಿಲ್ಲ. ಆದರೆ ಕಡೆಗೆ ಮಾತಾಡುವ ವಕೀಲರು ಇವನ ಅವಸರ ಕಂಡು ಮುಷ್ಟಿ ತುಂಬ ಬೀಜ ಸುರಿದುಬಿಡುತ್ತಿದ್ದರು. ಅಷ್ಟು ಕಟ್ಟಲಾಗದೆ ಈರಪ್ಪ ಐದನೆಯ ಎಲೆ ನೋಡುವ ಮೊದಲೇ ಕೈಬಿಡಬೇಕಾಗುತ್ತಿತ್ತು. "ಈರಪ್ಪಂದು ಬರೇ ಆಸಿ" ಎಂದು ವ್ಯಾಪಾರಿಗಳು ನಗುವರು.

ಒಮ್ಮೆ ಮಗ್ಗದ ಸಾಮಾನಿಗೆ ಇಚಲಕರಂಜಿಗೆ ಹೋಗಿ ಬಂದವನು ಕೂತವನೇ ಕೇಳಿದ. "ವಕೀಲ ಸಾಹೇಬ್ರ, ಅಲ್ಲಿ ಹಂಚೂ ಪಾಳಿ ಎಲ್ಲಾರಿಗೂ ಬರ್ತೈತ್ರಿ. ನನಗೂ ಒಂದ್ಸಲ ಕೊಡ್ರಿ."

"ಹಂಗಾರ ಅಲ್ಲೇ ಹೋಗಿ ಆಡಲೇ" ಎಂದರು ವಕೀಲರು. ಮತ್ತೆ ನಗು.

ಈರಪ್ಪ ನನ್ನ ಕಡೆ ತಿರುಗಿದ. "ಮಾಸ್ತರ್ರ, ನಿಮಗ ಗೊತ್ತೈತಲ್ರಿ. ನೀವರ ಹೇಳ್ರಿ."

ಗೊತ್ತಿತ್ತು. ಪಾಳಿ ಸುತ್ತಬೇಕೆಂದು ಮೊದಲ ದಿನದಿಂದಲೂ ಗೊತ್ತಿತ್ತು. ಮಕ್ಕಳಿಗೆ ನ್ಯಾಯ ಅನ್ಯಾಯ ಬೋಧಿಸುವ ಈ ಮಹಾಶಯ ತಲೆ ತಗ್ಗಿಸಿ ಎಲೆ ಜೋಡಿಸಿಕೊಂಡ. ಥೂ! ಈರಪ್ಪ ತನ್ನ ಎಲೆಗಳನ್ನು ಬೋರಲು ಹಾಕಿ ಎದ್ದು ಹೋದ. ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ.

ಮುಂದಿನ ವಾರ ವಕೀಲರು ಜಮಖಾನೆ ತೋರಿಸಿ, "ಮಾಸ್ತರ, ನೀವು ಈ ಕಡೆ ಸರಕೊಳ್ರಿ" ಎಂದರು. ಸರಿದೆ.

ಕಡೆಯ ಸಲ ಅವನು ಸಿಕ್ಕದ್ದು ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ. ಹೆಂಡತಿ ಮಕ್ಕಳ ಸಮೇತ ಇಚಲಕರಂಜಿಗೆ ಹೊರಟಿದ್ದ.

"ಈಗ ಮೊದಲ ಮಾತು ಯಾರದ್ರಿ?"

"ನಂದು" ಎಂದೆ.

ಅವನು ನಗಲಿಲ್ಲ. "ನಾನರ ಕೇಳಿ ಎದ್ದು ಬಂದೆ. ನೀವು ಯಾವಾಗ ಕೇಳ್ತೀರಿ, ಮಾಸ್ತರ್ರ?" ಅಷ್ಟರಲ್ಲಿ ಬಸ್ಸು ಬಂತು.

ಆ ಭಾನುವಾರ ನನಗೆ ನಾಲ್ಕು ಆಟೀನು ಬಂದವು. ಹಂಚುವ ಪಾಳಿ ಕೇಳಬೇಕೆಂದು ಬಾಯಿ ತೆರೆದೆ. ವಕೀಲರು ಉಳಿದ ಎಲೆಗಳನ್ನು ಗಾದಿಯ ಮೇಲಿಟ್ಟು ನನ್ನ ಮುಖ ನೋಡಿದರು.

"ಆಡ್ತೀನ್ರಿ" ಎಂದೆ.