ಐದನೇ ತಾರೀಖಿನ ಹುಳು

ಟಣ್ ಎಂದಿತು. ಸ್ವಲ್ಪ ತಡೆದು ಇನ್ನೊಮ್ಮೆ, ಟಣ್.

“ಕೇಳುಸ್ತಾ ಝುಬೇರಣ್ಣ?” ಎಂದಳು ರೂಪ. ರೇಷ್ಮೆ ಹುಳುವಿನ ಮರಿ ಸಾಕುವ ಕೊಪ್ಪದ ತನ್ನ ಚಾಕಿ ಕೇಂದ್ರದಲ್ಲಿ ಕೂತು ಅವಳು ಫೋನನ್ನು ಕಂಪ್ಯೂಟರಿನ ಸ್ಪೀಕರಿಗೆ ಹಿಡಿದಿದ್ದಳು. ಇತ್ತ ಮಳವಳ್ಳಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ತನ್ನ ಕಂಪ್ಯೂಟರ್ ಕೆಲಸದ ಮಹಡಿ ಕೋಣೆಯ ಬಾಗಿಲು ತೆಗೆಯುತ್ತಿದ್ದ ಝುಬೇರ್ ಬೀಗವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ. ಬೆಳಗಿನ ಎಂಟು ಗಂಟೆ. ಸೆಪ್ಟೆಂಬರ್ ಐದು.

ಸದ್ದಿನಲ್ಲೇ ಅವನಿಗೆ ಕಾಯಿಲೆ ಗೊತ್ತಾಗುತ್ತಿತ್ತು. ಪ್ರಿಂಟರ್ ಸಿಗದಿದ್ದರೆ ಒಂದು ಸದ್ದು, ಫೈಲು ಕಾಣದಿದ್ದರೆ ಇನ್ನೊಂದು. ಇದು ಹುಡುಕಿದ ಹೆಸರು ಇಲ್ಲ ಎನ್ನುವ ಸದ್ದು. ಹದಿಮೂರು ವರ್ಷದ ಹಿಂದೆ ಆ ಕೇಂದ್ರಕ್ಕೆ ಪ್ರೋಗ್ರಾಂ ಬರೆದುಕೊಟ್ಟಾಗ ಆ ಸದ್ದನ್ನು ಆರಿಸಿ ಇಟ್ಟವನೂ ಅವನೇ.

“ಚಿಕ್ಕಬೋರಮ್ಮ ಅಂತ ಒತ್ತುದ್ರೆ ಇಲ್ಲ ಅಂತದೆ. ಅವ್ರು ತಟ್ಟೆ ತಂದು ಜಗಲಿ ಮೇಲೆ ಕುಂತವ್ರೆ. ಕೊಡಕ್ಕೆ ಒಂದ್ ಹುಳ ಇಲ್ಲ ನನ್ನತ್ರ” ಎಂದಳು ರೂಪ.

ಬರುತ್ತೇನೆ ಎಂದು ಹೇಳಿ ಝುಬೇರ್ ಬೀಗವನ್ನು ಮತ್ತೆ ಹಾಕಿದ.

ಅವನ ತಂದೆ ನಯಾಜ್ ಪಾಷಾ ಮದ್ದೂರಿನಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ತಾಲೂಕು ಕಚೇರಿಯ ಯಂತ್ರಗಳೆಲ್ಲ ಅವರ ಕೈಯಲ್ಲೇ ಬಿಚ್ಚಿಕೊಂಡು ಅವರ ಕೈಯಲ್ಲೇ ಕೂಡಿಕೊಳ್ಳುತ್ತಿದ್ದವು. ಮುರಿದ ಕಡ್ಡಿಯನ್ನು ಬೆಳಕಿಗೆ ಹಿಡಿದು, ಇಲ್ಲಿ ನೋಡು, ಇಲ್ಲೇ ಸವೆದಿದೆ ಎಂದು ಮಗನಿಗೆ ತೋರಿಸುತ್ತಿದ್ದರು. ಆ ಯಂತ್ರಗಳು ಗುಜರಿಗೆ ಹೋಗುವ ಕಾಲಕ್ಕೆ ಮಗ ಮಂಡ್ಯದ ಕಂಪ್ಯೂಟರ್ ತರಗತಿಯೊಂದಕ್ಕೆ ಸೇರಿ, ವಿಂಡೋಸ್ ಮೇಲೆ ಓಡುವ ಪ್ರೋಗ್ರಾಂ ಬರೆಯುವುದನ್ನು ಕಲಿತ. ಆಮೇಲೆ ಹತ್ತು ಹನ್ನೆರಡು ವರ್ಷ ಅವನಿಗೆ ಬಿಡುವೆಂಬುದಿರಲಿಲ್ಲ. ಭಾರತೀನಗರದ ಔಷಧಿ ಅಂಗಡಿ, ಮದ್ದೂರಿನ ಸಿಮೆಂಟು ಡಿಪೋ, ಮಳವಳ್ಳಿಯ ರಕ್ತ ಪರೀಕ್ಷೆಯ ಲ್ಯಾಬು, ಒಬ್ಬರ ಮಾತು ಕೇಳಿ ಇನ್ನೊಬ್ಬರು ಬರುತ್ತಿದ್ದರು.

ಬರೆದುಕೊಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ. ಒಂದು ಕಡೆ ವೈರಸ್ ಕಾಯುವ ಸಾಫ್ಟ್‌ವೇರೇ ಅವನ ಪ್ರೋಗ್ರಾಮನ್ನು ಕಳ್ಳನೆಂದು ಹಿಡಿದು ಅಳಿಸಿಹಾಕುತ್ತಿತ್ತು. ಇನ್ನೊಂದು ಕಡೆ ಜೊತೆಗಿರಬೇಕಾದ ಸಣ್ಣ ಫೈಲೊಂದು ಇಲ್ಲದೆ ಪ್ರೋಗ್ರಾಂ ಕಣ್ಣೇ ಬಿಡುತ್ತಿರಲಿಲ್ಲ. ಸಿಮೆಂಟು ಡಿಪೋದ ಕೆಂಪಸಿದ್ದಯ್ಯ ಕಣ್ಣಿಗೆ ಕಾಣಲೆಂದು ಅಕ್ಷರ ದೊಡ್ಡದು ಮಾಡಿಕೊಂಡಾಗ ಕೆಳಗಿದ್ದ ‘ಸರಿ’ ಎಂಬ ಗುಂಡಿ ಪರದೆಯಿಂದಲೇ ಆಚೆ ಹೋಯಿತು. ಐದು ಸಲ ಟ್ಯಾಬ್ ಒತ್ತಿ ಆಮೇಲೆ ಎಂಟರ್ ಒತ್ತಿ ಎಂದು ಝುಬೇರ್ ಹೇಳಿಕೊಟ್ಟಿದ್ದ. ಆ ಮನುಷ್ಯ ಆರು ವರ್ಷ ಬೆರಳೆಣಿಸಿಕೊಂಡು ಹಾಗೇ ಒತ್ತಿದರು. ಗುಂಡಿ ಎಲ್ಲಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಇದು ಅವನ ಕೆಲಸದ ರೀತಿಯೇ ಆಗಿಹೋಗಿತ್ತು. ಒಳಗೆ ಸರಿಮಾಡುವುದನ್ನು ಮುಂದಕ್ಕೆ ಹಾಕಿ ಹೊರಗೊಂದು ಉಪಾಯ ಹೇಳುವುದು, ಆ ಉಪಾಯವನ್ನು ಹಳದಿ ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿ ಬರುವುದು. ಎಷ್ಟೋ ಅಂಗಡಿಗಳಲ್ಲಿ ಪ್ರೋಗ್ರಾಂ ನಿಂತಿದ್ದೇ ಆ ಚೀಟಿಗಳ ಮೇಲೆ.

ಒಬ್ಬೊಬ್ಬರೇ ಫೋನಿನೊಳಗಿನ ಆ್ಯಪುಗಳಿಗೆ ಹೋದರು. ಜಗಳವೇನೂ ಆಗಲಿಲ್ಲ. ಕರೆಯುವುದು ನಿಂತಿತು ಅಷ್ಟೇ. ಆ ಕೋಣೆ ಇನ್ನೇಕೆ, ಮುಚ್ಚಿಬಿಡಿ ಎಂದು ಹೆಂಡತಿ ಜಾಕಿಯಾ ಮೂರು ವರ್ಷದಿಂದ ಹೇಳುತ್ತಿದ್ದಳು. ಕೊಪ್ಪದವರು ಇದ್ದಾರಲ್ಲ ಎನ್ನುತ್ತಿದ್ದ ಇವನು. ಕೊಪ್ಪದವರು ಎಂದರೆ ರೂಪ ಒಬ್ಬಳೇ ಎಂಬುದು ಜಾಕಿಯಾಳಿಗೂ ಗೊತ್ತಿತ್ತು.

ಮದ್ದೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಭಾರತೀನಗರ ಬರುವ ಮೊದಲೇ ಅನುಮಾನ ಹುಟ್ಟಿತು. ಜುಲೈ ಮೊದಲ ವಾರ ರೂಪ ಒಮ್ಮೆ ಫೋನು ಮಾಡಿದ್ದಳು. ಕರೆಂಟು ಏರಿಳಿದು ಹಳೆಯ ಕಂಪ್ಯೂಟರು ಸುಟ್ಟಿದೆ, ಹೊಸದು ತಂದಿದ್ದೇವೆ, ಮಂಡ್ಯದ ಅಂಗಡಿಯವನು ಹಳೆಯ ಡಿಸ್ಕಿನಲ್ಲಿದ್ದ ನಿಮ್ಮ ಪ್ರೋಗ್ರಾಮನ್ನೂ ಹೆಸರುಗಳನ್ನೂ ಅದಕ್ಕೆ ಹಾಕಿಕೊಟ್ಟಿದ್ದಾನೆ ಎಂದಿದ್ದಳು. ತೆರೆಯಿತಾ ಎಂದು ಕೇಳಿದ್ದ. ತೆರೆಯಿತು ಎಂದಿದ್ದಳು. ಅಷ್ಟಕ್ಕೇ ಸಂತೋಷವಾಗಿ ಸುಮ್ಮನಾಗಿದ್ದ. ಹಳೆಯ ಮಾನಿಟರಿನ ಅಂಚಿಗೆ ತಾನು ಅಂಟಿಸಿದ್ದ ಚೀಟಿ ಅವನಿಗೆ ಆಗ ನೆನಪಾಗಲಿಲ್ಲ. ಈಗ ಅಕ್ಷರಕ್ಷರವೂ ನೆನಪಾಯಿತು: ‘ತಾರೀಖು ದಿನ ಮೊದಲು, ತಿಂಗಳು ಆಮೇಲೆ. ಈ ಸೆಟ್ಟಿಂಗ್ ಬದಲಾಯಿಸಬಾರದು.’

ಬೇರೆ ಚಾಕಿ ಕೇಂದ್ರಗಳಲ್ಲಿ ಹುಳು ಉಳಿದಿದೆಯೇ ಎಂದು ಬಸ್ಸಿನಿಂದಲೇ ಮೂರು ಕಡೆ ಫೋನು ಮಾಡಿ ಕೇಳಿದ. ಇದ್ದಬದ್ದದ್ದಕ್ಕೆಲ್ಲ ಹೆಸರು ಬರೆದಾಗಿದೆ ಎಂದರು. ಈಗ ಮೊಟ್ಟೆ ತರಿಸಿದರೂ ಮರಿಯೊಡೆದು ಬೆಳೆಯಲು ಹದಿನೆಂಟು ದಿನ ಬೇಕು ಎಂದು ಒಬ್ಬರು ಬಿಡಿಸಿಯೂ ಹೇಳಿದರು. ಅದು ಅವನಿಗೆ ಗೊತ್ತಿತ್ತು. ಆ ದಿನಗಳನ್ನೆಲ್ಲ ಪ್ರೋಗ್ರಾಮಿನೊಳಗೆ ಬರೆದವನೇ ಅವನು.

ಬರೆಸಿದವರು ರೂಪಳ ಮಾವ ಮರಿಸಿದ್ದಯ್ಯ. ರೇಷ್ಮೆ ಹುಳು ಮೊಟ್ಟೆಯೊಡೆದ ಮೇಲೆ ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವುದು, ದಾಟುವವರೆಗೆ ಕೂಸಿನ ಹಾಗೆ. ಅಲ್ಲಿಯವರೆಗೆ ಸಾಕಿ, ಆಮೇಲೆ ರೈತರ ತಟ್ಟೆಗೆ ಹಾಕಿಕೊಡುವುದು ಚಾಕಿ ಕೇಂದ್ರದವರ ಕೆಲಸ. ಹಿಪ್ಪುನೇರಳೆ ತೋಟದ ಕಡ್ಡಿ ಕತ್ತರಿಸಿದ ದಿನವೇ ರೈತರು ಬಂದು ಇಂಥ ತಾರೀಖಿಗೆ ಹುಳು ಬೇಕು ಎಂದು ಬರೆಸಿ ಹೋಗುತ್ತಾರೆ. ಎರಡು ತಿಂಗಳಿಗೆ ಸೊಪ್ಪು ಹದವಾಗುವ ಹೊತ್ತಿಗೆ ಸರಿಯಾಗಿ ಹುಳು ಕೈಗೆ ಬರಬೇಕು. ಚಳಿಗೆ ಮರಿಯೊಡೆಯುವುದು ಎಷ್ಟು ತಡ, ಮೋಡ ಕವಿದರೆ ಜ್ವರ ಎಷ್ಟು ಹೊತ್ತು, ಯಾವ ತಿಂಗಳಲ್ಲಿ ಎಷ್ಟು ದಿನ ಮೊದಲು ಮೊಟ್ಟೆ ತರಿಸಬೇಕು, ಇದೆಲ್ಲ ಮರಿಸಿದ್ದಯ್ಯನವರ ತಲೆಯಲ್ಲಿತ್ತು. ಹದಿನೈದು ದಿನ ಅವರ ಪಕ್ಕದಲ್ಲಿ ಕೂತು ಝುಬೇರ್ ಒಂದೊಂದನ್ನೇ ಕೇಳಿ ನೇರವಾಗಿ ಪ್ರೋಗ್ರಾಮಿಗೇ ಬರೆದಿದ್ದ. ಅವರು ಹೋಗಿ ಆರು ವರ್ಷವಾಯಿತು. ಇಂದಿಗೂ ಯಾವ ದಿನ ಎಷ್ಟು ಮೊಟ್ಟೆ ತರಿಸಬೇಕೆಂಬ ಪಟ್ಟಿಯನ್ನು ಆ ಪ್ರೋಗ್ರಾಮೇ ಕೊಡುತ್ತಿತ್ತು, ಅವರ ಲೆಕ್ಕದಂತೆಯೇ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಕೊಪ್ಪ ತಲುಪಿದಾಗ ಹತ್ತೂವರೆ. ಜಗಲಿಯ ಮೇಲೆ ಆರು ನೀಲಿ ತಟ್ಟೆಗಳನ್ನು ಒಂದರೊಳಗೊಂದು ಇಟ್ಟುಕೊಂಡು ಚಿಕ್ಕಬೋರಮ್ಮ ಕೂತಿದ್ದರು. ಅರವತ್ತು ದಾಟಿದ ಹೆಂಗಸು.

“ಬನ್ನಿ ಸಾಬ್ರೇ. ಊರೋರ್ ಎಸ್ರೆಲ್ಲಾ ನೆಪ್ಪದಂತೆ ನಿಮ್ ಡಬ್ಬಕ್ಕೆ, ನನ್ನೊಬ್ಳುದ್ ಬುಟ್ಟು” ಎಂದರು.

ನೋಡ್ತೀನಿ ಕಣವ್ವ ಎಂದು ಝುಬೇರ್ ಚಪ್ಪಲಿ ಬಿಟ್ಟ. ಒಳಗೆ ಹೋಗುವವರು ಯಾರೇ ಆಗಲಿ, ಬಾಗಿಲಲ್ಲಿರುವ ಬ್ಲೀಚಿಂಗ್ ಪುಡಿಯ ನೀರಿನ ತೊಟ್ಟಿಯಲ್ಲಿ ಕಾಲಿಟ್ಟೇ ಹೋಗಬೇಕು. ಹುಳುವಿಗೆ ರೋಗ ಹತ್ತಬಾರದೆಂದು ಮರಿಸಿದ್ದಯ್ಯ ಮಾಡಿದ ಕಟ್ಟಳೆ. ಇಂದು ಒಳಗೆ ಹುಳುವೇ ಇರಲಿಲ್ಲ. ಆದರೂ ಅವನು ಕಾಲಿಟ್ಟ.

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಿಕ್ಕಬೋರಮ್ಮ, ಇನ್ನೂರು ಮೊಟ್ಟೆ, ಮೇ ಒಂಬತ್ತು. ಜುಲೈನಲ್ಲಿ ರೂಪ 05/09 ಎಂದು ಸರಿಯಾಗಿಯೇ ಒತ್ತಿದ್ದಳು. ತಿಂಗಳನ್ನು ಮೊದಲು ಓದುವ ಹೊಸ ಕಂಪ್ಯೂಟರಿನಲ್ಲಿ ಅದು ಐದನೇ ತಿಂಗಳ ಒಂಬತ್ತಾಯಿತು. ಆಗಿಹೋದ ತಾರೀಖನ್ನು ಬೇಡವೆನ್ನಲು ಝುಬೇರ್ ಪ್ರೋಗ್ರಾಮಿಗೆ ಕಲಿಸಿರಲಿಲ್ಲ. ಅದು ಸುಮ್ಮನೆ ತೆಗೆದುಕೊಂಡು ಕಳೆದ ದಿನಗಳ ರಾಶಿಗೆ ಹಾಕಿತು. ಹೆಸರು ಒತ್ತಿದರೆ ಇಂದಿನಿಂದ ಮುಂದಿನ ದಿನಗಳಲ್ಲಷ್ಟೇ ಹುಡುಕುವ ಪ್ರೋಗ್ರಾಂ, ಇಲ್ಲ ಎಂದು ಟಣ್ ಎನ್ನುತ್ತಿತ್ತು. ಹನ್ನೆರಡರಿಂದ ಆಚೆಗೆ ತಿಂಗಳೇ ಇಲ್ಲವಲ್ಲ, ಹಾಗಾಗಿ ಆ ತಾರೀಖುಗಳಿಗೆ ಏನೂ ಆಗಿರಲಿಲ್ಲ. ಆಗಸ್ಟಿನ ಕೊನೆಯವರಿಗೆಲ್ಲ ಹುಳು ಸಿಕ್ಕಿತ್ತು. ಸೆಪ್ಟೆಂಬರಿನ ಮೊದಲ ಹನ್ನೆರಡು ದಿನಗಳಿಗೆ ಹುಳು ಬರೆಸಿದ್ದವರು ಏಳು ಮನೆಯವರು. ಏಳೂ ಮನೆಗೆ ಮೊಟ್ಟೆ ತರಿಸಿರಲಿಲ್ಲ. ಚಿಕ್ಕಬೋರಮ್ಮ ಮೊದಲು ಬಂದವರು. ಮಿಕ್ಕವರು ನಾಳೆ, ನಾಡಿದ್ದು ತಟ್ಟೆ ತೊಳೆದುಕೊಂಡು ಬರುವವರಿದ್ದರು.

ಝುಬೇರ್ ತಾರೀಖಿನ ಸೆಟ್ಟಿಂಗನ್ನು ದಿನ ಮೊದಲು ಮಾಡಿದ. ಏಳು ಹೆಸರನ್ನೂ ತಿದ್ದಿದ. ಮತ್ತೆ ಚಿಕ್ಕಬೋರಮ್ಮ ಎಂದು ಹುಡುಕಿದಾಗ ಸದ್ದಿಲ್ಲದೆ ಹೆಸರು ಬಂತು, ಎದುರಿಗೆ ಸೆಪ್ಟೆಂಬರ್ ಐದು.

ರೂಪ ಬಾಗಿಲು ಮುಂದಕ್ಕೆಳೆದು ಬಂದು ಕೂತಳು. ಮೊಟ್ಟೆ ಕೊಡುವವರೇ ಕಳಿಸಲಿಲ್ಲ ಎಂದು ಆಯಮ್ಮನಿಗೆ ಹೇಳಿದ್ದೇನೆ, ನೀವೂ ಹಾಗೇ ಹೇಳಿಬಿಡಿ ಎಂದಳು. ಆಮೇಲೆ ಇನ್ನೂ ಮೆಲ್ಲಗೆ, ಮೈಸೂರಿನವರೊಬ್ಬರು ಫೋನಿನ ಆ್ಯಪು ಹಿಡಿದು ಎರಡು ಸಲ ಬಂದು ಹೋಗಿದ್ದಾರೆ, ಅವರಿಗೆ ನಾನಿನ್ನೂ ಏನೂ ಹೇಳಿಲ್ಲ ಎಂದಳು.

“ಇನ್ ಯಾವತ್ತೂ ಇಂಗಾಗಲ್ಲ ಅಂತ ಒಂದ್ ಮಾತು ಕೊಡಿ ಝುಬೇರಣ್ಣ. ಅವ್ರನ್ನ ಬ್ಯಾಡ ಅಂತೀನಿ. ನಮ್ಮಾವ ಕುಂತು ಮಾಡ್ಸಿದ್ದು ಇದು, ನಂಗೂ ತೆಗ್ಯಕ್ಕೆ ಮನ್ಸಿಲ್ಲ.”

ಆ ಮಾತಿಗಾಗಿಯೇ ಅವನು ಮೂರು ವರ್ಷದಿಂದ ಕೋಣೆಯ ಬೀಗ ತೆಗೆಯುತ್ತಿದ್ದುದು. ಹೂಂ ಎಂದರೆ ಸಾಕಿತ್ತು. ಜೇಬಿನಲ್ಲಿ ಹಳದಿ ಚೀಟಿಗಳೂ ಇದ್ದವು.

ಆದರೆ ಪ್ರೋಗ್ರಾಮನ್ನು ಬಿಚ್ಚಿ ತಾರೀಖು ಓದುವ ಆ ಒಂದು ಸಾಲನ್ನು ತಿದ್ದಲು ಅವನು ಬರೆದ ಮೂಲ ಪ್ರತಿಯೇ ಬೇಕು. ಅದಿದ್ದ ಹಾರ್ಡ್ ಡಿಸ್ಕು ಎಂದೋ ನಿಂತುಹೋಗಿತ್ತು. ಎರಡನೇ ಪ್ರತಿಯೆಂದು ಸಿಡಿಗಳಿಗೆ ಹಾಕಿ ತಂದೆಯ ಸಲಕರಣೆಯ ಡಬ್ಬಿಯಲ್ಲಿಟ್ಟಿದ್ದ. ನಾಲ್ಕು ಮಳೆಗಾಲ ಕಳೆದು ತೆಗೆದಾಗ ಹೊಳಪೆಲ್ಲ ಹಕ್ಕಳೆಯೆದ್ದು ಬೆರಳಿಗೆ ಹತ್ತಿತು. ಹೊಸದಾಗಿ ಬರೆಯಲೆಂದು ಕಳೆದ ವರ್ಷ ನಾಲ್ಕು ತಿಂಗಳು ಕೂತ. ಪರದೆಗಳೆಲ್ಲ ಬಂದವು. ಮರಿಸಿದ್ದಯ್ಯನವರ ಲೆಕ್ಕ ಬರಲಿಲ್ಲ. ಕಾರ್ತಿಕದ ಚಳಿಗೆ ಎಷ್ಟು ದಿನ ಕೂಡಿದ್ದೆ ಎಂದು ಯಾರನ್ನು ಕೇಳುವುದು? ಅದೆಲ್ಲ ಈ ಪೆಟ್ಟಿಗೆಯೊಳಗೇ ಇದೆ, ನಡೆಯುತ್ತಲೂ ಇದೆ, ಕೈಗೆ ಮಾತ್ರ ಬರುವುದಿಲ್ಲ. ತಂದೆಯಾಗಿದ್ದರೆ ಯಂತ್ರವನ್ನು ಬೋರಲು ಹಾಕಿ ತೋರಿಸುತ್ತಿದ್ದರು.

“ಇವತ್ತಿಗೆ ಸರಿಯಾಯ್ತು” ಎಂದ.

“ಇವತ್ತಿಗೆ ಅಂದ್ರೆ?”

“ಕಂಪ್ಯೂಟ್ರು ಬದಲಾದ್ರೆ ಮತ್ತೆ ಇಂಗೇ ಆಗ್ಬೋದು. ಯಾರಾದ್ರೂ ಗೊತ್ತಿಲ್ದೆ ಒತ್ತುದ್ರೂ ಆಯ್ತದೆ. ಒಳಗಡೆ ತಿದ್ದಕ್ಕೆ ನನ್ನತ್ರ ಏನೂ ಉಳ್ದಿಲ್ಲ ರೂಪಮ್ಮ. ಒಂಬತ್ ವರ್ಷ ಆಯ್ತು ಕಳ್ದು. ನಿಮ್ಮಾವ ಇದ್ದಾಗ್ಲೂ ಹೇಳ್ನಿಲ್ಲ.”

ರೂಪ ಪರದೆಯ ಮೇಲಿನ ಏಳು ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಕೊನೆಗೆ, ಹಾಗಾದರೆ ಹಳೆಯ ಹೆಸರುಗಳನ್ನಾದರೂ ತೆಗೆದುಕೊಡಿ, ಮೈಸೂರಿನವರಿಗೆ ಕೊಡಬೇಕಲ್ಲ ಎಂದಳು. ಹದಿಮೂರು ವರ್ಷದ ಹೆಸರು, ಊರು, ಕಡ್ಡಿ ಕತ್ತರಿಸಿದ ದಿನ, ಹುಳು ಕೊಟ್ಟ ದಿನ ಎಲ್ಲವನ್ನೂ ಝುಬೇರ್ ಒಂದು ಪೆನ್‌ಡ್ರೈವಿಗೆ ಹಾಕಿದ. ಏಳು ನಿಮಿಷ ಹಿಡಿಯಿತು. ಕೊನೆಯಲ್ಲಿ, ಮುಗಿಯಿತು ಎಂಬ ಚಿಕ್ಕ ಪೆಟ್ಟಿಗೆ ತೆರೆದುಕೊಂಡು ‘ಸರಿ’ ಒತ್ತುವುದನ್ನು ಕಾಯುತ್ತಾ ನಿಂತಿತು. ಒತ್ತಿದ.

ಇಬ್ಬರೂ ಹೊರಗೆ ಬಂದಾಗ ಚಿಕ್ಕಬೋರಮ್ಮ ಬಿಸಿಲಿನಿಂದ ತಟ್ಟೆಗಳನ್ನು ನೆರಳಿಗೆ ಎಳೆದುಕೊಳ್ಳುತ್ತಿದ್ದರು.

“ಸಿಕ್ತಾ ನನ್ ಎಸ್ರು?”

“ಎಸ್ರದೆಲ್ಲಾ ಯಾಕೀಗ, ಮೊಟ್ಟೆಯೋರೇ ಕಳುಸ್ನಿಲ್ಲ ಅಂತ ಯೋಳ್ನಲ್ಲ ಕಣವ್ವ” ಎಂದಳು ರೂಪ, ಝುಬೇರನ ಕಡೆ ನೋಡದೆ.

“ಸಿಕ್ತು ಕಣವ್ವ” ಎಂದ ಝುಬೇರ್. “ಮೊಟ್ಟೆಯೋರ್ದಲ್ಲ ತಪ್ಪು. ರೂಪಮ್ಮಂದೂ ಅಲ್ಲ. ಅವ್ರು ಸರಿಯಾಗೇ ಬರ್ದವ್ರೆ. ನಾನು ಮಾಡ್ಕೊಟ್ಟಿದ್ದು ನಿಮ್ಮನ್ನ ಮೇ ತಿಂಗಳಿಗೆ ಆಕ್ಬುಡ್ತು.”

ಚಿಕ್ಕಬೋರಮ್ಮ ಅವನನ್ನೇ ನೋಡಿದರು. “ಮೇ ತಿಂಗ್ಳಲ್ಲಿ ನಾನು ಕಣ್ಣಾಪ್ರೇಸನ್ ಮಾಡುಸ್ಕಂಡು ಮಂಡ್ಯದಲ್ಲಿ ಮನಗಿದ್ದೆ ಕಣಪ್ಪ. ಕಣ್ಗೆ ಪಟ್ಟಿ ಕಟ್ಕಂಡು ಉಳ ಇಸ್ಕತಿದ್ನಾ?”

ರೂಪಳಿಗೂ ನಗು ಬಂದು ಅಲ್ಲೇ ನಿಂತಿತು.

“ತಪ್ಪು ನಂದು” ಎಂದ ಅವನು ಮತ್ತೊಮ್ಮೆ.

“ಆಯ್ತು, ನಿಂದೇ ಅನ್ನು. ಅದ್ರಿಂದ ನಂಗೇನ್ ಬಂತು?” ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವವರ ದನಿಯಿತ್ತು. “ದಿನಾ ಎಣಿಸ್ಕಂಡು ಬೆಳೆಸಿವ್ನಿ ಸೊಪ್ಪ. ಅದ್ವಾಗಿ ನಿಂತದೆ. ಇನ್ನೆಂಟ್ ದಿನಕ್ಕೆ ಒರಟಾಯ್ತದೆ, ಉಳ ಮೂಸೂ ನೋಡಲ್ಲ. ಏನ್ ಮಾಡ್ಲಿ ಅದ? ನೀನು ಓದ್ದೋನು, ಯೋಳು.”

ಝುಬೇರ್ ಚಪ್ಪಲಿಯತ್ತ ನೋಡಿದ. ಐದು ಸಲ ಟ್ಯಾಬ್ ಒತ್ತಿ ಎಂದು ಹೇಳುವಂಥದ್ದು ಏನಾದರೂ ಇದೆಯೇ ಎಂದು ಹುಡುಕಿದ. ಎಲ್ಲ ಅಂಗಡಿಗಳ ಎಲ್ಲ ಚೀಟಿಗಳೂ ನೆನಪಿಗೆ ಬಂದವು, ಬೆಳೆದು ನಿಂತ ಸೊಪ್ಪಿಗೆ ಅಂಟಿಸುವಂಥದ್ದು ಅವುಗಳಲ್ಲಿರಲಿಲ್ಲ.

“ದನಕ್ಕಾಕು ಅಂತೀಯಾ? ಇರಾದ್ ಎರಡ್ ದನ” ಎಂದು ಚಿಕ್ಕಬೋರಮ್ಮ ಮುಂದುವರಿಸಿದರು. “ಯಾರಿಗಾದ್ರೂ ಮಾರು ಅಂತೀಯಾ? ಎಲ್ಲಾರ್ ತೋಟ್ದಲ್ಲೂ ಈಗ ಅದೇಯ. ಉಳುಮನೆ ತೊಳ್ದು, ಸುಣ್ಣ ಬಳ್ದು, ಗೂಡು ಕಟ್ಸೋ ಚಂದ್ರಿಕೆ ಬಿಸ್ಲಿಗಾಕಿ ಬಂದಿವ್ನಿ ಕಣಪ್ಪ. ಇನ್ನು ಮಲ್ಲಿಗಮ್ಮನ್ಗೂ ನಾಳಿದ್ದೇ ಅಂತಲ್ಲಾ ಬರ್ಸಿರಾದು, ಅವ್ಳಿಗೆ ಯಾರ್ ಯೋಳೋರು, ನೀನಾ, ನಾನಾ...”

ಅವರ ಮಾತು ನಡೆಯುತ್ತಲೇ ಇತ್ತು. ಝುಬೇರ್ ಜಗಲಿಯ ಮೆಟ್ಟಿಲಿಳಿದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸಿನ ದಾರಿಯ ಕಡೆಗೆ ನಡೆದ.