ಮಿಸ್ನಾತಿ ಜರಡಿ ಹಿಡಿದ ಹಾಸಿಗೆ

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಇಂಡೋನೇಷ್ಯಾದ ಮದುರಾದಿಂದ ಪೂರ್ವಕ್ಕಿರುವ ನಮ್ಮ ಗಿಲಿ ತರೇಬುಂಗ್ ದ್ವೀಪದ ಮೂಡಣ ತುದಿಯಲ್ಲಿ ಮಿಸ್ನಾತಿ ಆಗಲೇ ಕುಕ್ಕರುಗಾಲಲ್ಲಿ ಕೂತು ಮರಳು ಜರಡಿ ಹಿಡಿಯುತ್ತಿದ್ದಾಳೆ. ಮೊದಲು ಬಿದಿರಿನ ಜರಡಿ, ಆಮೇಲೆ ಹಳೆಯ ಸೊಳ್ಳೆಪರದೆ. ಚಿಪ್ಪಿನ ಚೂರು, ಮೀನಿನ ಮುಳ್ಳು ಮೇಲೆ ಉಳಿಯುತ್ತವೆ. ಕೆಳಗೆ ಬಿದ್ದದ್ದನ್ನು ಒಂದು ಹಿಡಿ ತೆಗೆದು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಅಂಟದೆ ಜಾರಿದರೆ ಅದು ಹಾಸಿಗೆಗೆ ಆಯಿತು, ಅಂಟಿದರೆ ಮತ್ತೆ ಬಿಸಿಲಿಗೆ.

ನಾವು ಮಲಗುವುದು ಮರಳಿನ ಮೇಲೆ. ಒಳಗೊಂದು ಹಾಸು, ಅಂಗಳದಲ್ಲೊಂದು. ಬಾಣಂತಿಗೂ ಅದೇ, ಮುದುಕರಿಗೂ ಅದೇ. ನಾನು ಹುಟ್ಟಿದ್ದೂ ಮಿಸ್ನಾತಿ ತಲೆ ಮೇಲೆ ಹೊತ್ತು ತಂದ ಮರಳಿನಲ್ಲೇ. ಕಡಲಿಗೆ ಹೋದ ಗಂಡ ವಾಪಸು ಬರದಿದ್ದಾಗ ಅವಳ ಕಂಕುಳಲ್ಲಿ ಮಗ ಮತ್ರಾವಿ ಇದ್ದ. ಅಂದು ಹಿಡಿದ ಜರಡಿ ಇನ್ನೂ ಕೈಬಿಟ್ಟಿಲ್ಲ. ಕೂಲಿಯೆಂದರೆ ಎರಡು ಮೀನು, ಬೊಗಸೆ ಜೋಳ, ಎಷ್ಟೋ ಸಲ ಬರೀ ಸಲಾಂ. "ಕೂಸಿರೋ ಮನೇಲಿ ಏನಂತ ಕೇಳೋದು? ಅದು ಮಲಗಿದ್ರೆ ಸಾಕಪ್ಪ" ಎನ್ನುತ್ತಾಳೆ. ನಮ್ಮ ಊರಿನವರಿಗಾದರೋ ಇವಳ ನೆನಪಾಗುವುದು ಹಾಸಿನ ಮೇಲೆ ಬೆಕ್ಕು ಗಲೀಜು ಮಾಡಿದಾಗ ಮಾತ್ರ.

ಇಂಥ ನಯವಾದ ಮರಳು ಸಿಗುವುದು ಈ ತುದಿಯಲ್ಲೊಂದೇ. ಹೋದ ವಾರ ಅದು ಕೈತಪ್ಪುವುದರಲ್ಲಿತ್ತು. ಚಿಕ್ಕಂದಿನಲ್ಲೇ ಜಕಾರ್ತಕ್ಕೆ ಹೋಗಿ, ಹಗಲೂ ರಾತ್ರಿ ಬಾಗಿಲು ಹಾಕದ ಅಂಗಡಿಗಳನ್ನಿಟ್ಟು ದುಡ್ಡು ಮಾಡಿದ ಹಾಜಿ ಸಹಾವಿ ಊರಿಗೆ ಬಂದಿದ್ದ. ದೋಣಿಗಳಿಗೆ ಹತ್ತಿರವೆಂದು ಇಲ್ಲೇ ಐಸ್ ಮನೆ ಕಟ್ಟಿಸುತ್ತೇನೆಂದ. ಬೆಳಗ್ಗೆಯೇ ಅಳತೆಯ ಗೂಟಗಳನ್ನೂ ನೆಡಿಸಿದ. ಹಿಡಿದ ಮೀನನ್ನು ಕೊಳೆಯಿತೆಂದು ಮತ್ತೆ ಕಡಲಿಗೇ ಚೆಲ್ಲಿ ಸಾಕಾಗಿದ್ದ ಮತ್ರಾವಿಗೆ ಖುಷಿಯೋ ಖುಷಿ.

"ಅವ್ವಾ, ಮರಳು ತಿಂದ್ರೆ ಹೊಟ್ಟೆ ತುಂಬುತ್ತಾ?"

"ಹಂಗಾರೆ ನಿನ್ನ ಹೆಂಡ್ತೀನ ಹೆರಿಗೆಗೆ ಐಸಿನ ಮೇಲೆ ಮಲಗಿಸೋ."

ಐಸ್ ಊರಿಗೆ ಬೇಕೆಂದು ಅವಳಿಗೂ ಗೊತ್ತು. ಮಧ್ಯಾಹ್ನ ಹಾಜಿಯನ್ನು ಮನೆಗೆ ಊಟಕ್ಕೆ ಕರೆದು ಜೋಳ ಬೆರೆಸಿದ ಅನ್ನ, ನುಗ್ಗೆಸೊಪ್ಪಿನ ಸಾರು, ಸುಟ್ಟ ಮೀನು ಬಡಿಸಿದಳು. ಉಂಡವನು ಅಂಗಳದ ಮರಳಿನ ಮೇಲೆ ಸುಮ್ಮನೆ ಬೆನ್ನು ಚಾಚಿದ. ಅಷ್ಟೇ, ಗೊರಕೆ ಶುರುವಾಯಿತು.

ಜಾಗದ ಮಾತು ಮುಗಿಸಲು ಊರ ಮುಖ್ಯಸ್ಥ ಬಂದ. ಹಾಜಿಯನ್ನು ಕರೆದೊಯ್ಯಬೇಕಿದ್ದ ದೋಣಿಯವನು ಬಂದು ನೀರು ಇಳಿಯುತ್ತಿದೆಯೆಂದು ಗೊಣಗಿದ. ಮಿಸ್ನಾತಿ ಪೊರಕೆ ಹಿಡಿದು ಅಡ್ಡ ಕೂತಳು. "ಎಬ್ಬಿಸಿ ನೋಡಿ. ಅಂಗಡೀಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತು ಕೂತು ಬಂದಿದಾನೆ. ಎಷ್ಟು ಕಾಲ ಆಯ್ತೋ ಏನೋ ನಿದ್ದೆ ಕಂಡು."

ಬಿಸಿಲು ಇಳಿದ ಮೇಲೆ ಹಾಜಿ ಎದ್ದ. ಕೂದಲಿನಿಂದ ಮರಳು ಉದುರುತ್ತಿತ್ತು.

"ಒಂದು ಚೀಲ ಮರಳು ಕೊಡಮ್ಮ, ಜಕಾರ್ತಕ್ಕೆ ತಗೊಂಡು ಹೋಗ್ತೀನಿ."

"ಅಲ್ಲಿಗ್ಯಾಕೆ? ಅಲ್ಲಿ ನೀನೆಲ್ಲಿ ಮಲಗ್ತೀಯ ಮಗಾ? ನಿದ್ದೆ ಬಂದಾಗ ಇಲ್ಲಿಗೇ ಬಾ. ಮರಳು ಉಳಿದಿದ್ರೆ ಹಾಸಿಡ್ತೀನಿ."

ಹಾಜಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೂಡಣ ತುದಿಗೆ ಹೋದ. ಗೂಟಗಳನ್ನು ತಾನೇ ಕಿತ್ತ. ಐಸ್ ಮನೆ ಈಗ ಪಡುವಣದ ಕಲ್ಲುದಂಡೆಯ ಮೇಲೆ ಏಳುತ್ತಿದೆ. ಅಲ್ಲಿ ದೋಣಿ ನಿಲ್ಲುವುದಿಲ್ಲ. ಮೀನಿನ ಬುಟ್ಟಿಗಳನ್ನು ಊರು ಬಳಸಿಕೊಂಡು ಹೊರಬೇಕು. ಮತ್ರಾವಿಗೆ ಸಿಟ್ಟು ಇಳಿದಿಲ್ಲ. ತಾಯಿಯ ಜೊತೆ ಮಾತು ಬಿಟ್ಟಿದ್ದಾನೆ. ಆದರೂ ಹೆಂಡತಿಯ ಕೋಣೆಗೆ ಹೊಸ ಮರಳನ್ನು ಅವನೇ ಸುರಿದ ಎಂದು ಹೇಳುವಾಗ ಮಿಸ್ನಾತಿಯ ಮುಖ ಅರಳುತ್ತದೆ. ನನಗೂ ಸಂತೋಷವಾಗುತ್ತದೆ.

ಗೆದ್ದುಬಿಟ್ಟೆಯಲ್ಲ, ಇನ್ನೇನು ಬೇಕು ಎಂದು ರೇಗಿಸುತ್ತೇನೆ. ಅವಳು ನಗುವುದಿಲ್ಲ. ಜರಡಿ ಕೆಳಗಿಟ್ಟು ಮೊಣಕಾಲು ನೀವಿಕೊಳ್ಳುತ್ತಾಳೆ.

"ನನ್ನ ಮರಳಿಗೋಸ್ಕರ ತಾನೇ ಮಗನಿಗೆ ದಾರಿ ಉದ್ದ ಆಗಿದ್ದು. ಐಸ್ ಮನೆ ಶುರುವಾದ ದಿನದಿಂದ ಒಂದೊಂದು ಬುಟ್ಟಿ ನಾನೂ ಹೊರ್ತೀನಿ. ಅವನಿಗೆ ಈಗಲೇ ಹೇಳ್ಬೇಡ, ಬೇಡ ಅಂತಾನೆ."