ಆಚೆ ದಡದಿಂದ ಕೈ ಬೀಸಿದವನು

ದೂರದ್ದನ್ನು ಹತ್ತಿರ ತೋರಿಸುವ ಹೊಸ ಲೆನ್ಸನ್ನು ಮೊಬೈಲಿಗೆ ಸಿಕ್ಕಿಸಿಕೊಂಡು, ವಿರೂಪಾಪುರಗಡ್ಡೆಯ ಹೊಳೆದಂಡೆಯಲ್ಲಿ ನೀರಂಚಿನ ಬಂಡೆಯ ಮೇಲೆ ಕೂತಿದ್ದೆ. ಆಚೆ ದಡದಲ್ಲಿದ್ದ ಹರಿಗೋಲಿನ ಅಂಬಿಗ ಲೆನ್ಸಿಗೆ ಸಿಕ್ಕ. ಅವನು ಕೈ ಬೀಸಿದ. ಫೋಟೊ ತೆಗೆಯುವುದು ಕಂಡು ಖುಷಿಪಟ್ಟನೆಂದು ನಾನೂ ಬೀಸಿದೆ. ಅವನು ಎರಡೂ ಕೈ ಬೀಸತೊಡಗಿದ. ಬಾಯಿ ಕೂಗುತ್ತಿತ್ತು, ದನಿ ಮಾತ್ರ ನನಗೆ ತಲುಪುತ್ತಿರಲಿಲ್ಲ. ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಕಾಲಬುಡವನ್ನು.

ಫೋನ್ ಇಳಿಸಿದೆ. ಕೂರುವಾಗ ಕಾಲಬುಡದ ನೀರಿನಲ್ಲಿ ಎರಡು ಕಲ್ಲು ತಲೆಯೆತ್ತಿದ್ದವು. ಈಗ ಒಂದೇ ಇತ್ತು.

ಹಿಂದಕ್ಕೆ ಹಾರಿದೆ. ಹರಿಗೋಲು ಹಾಕಿಕೊಂಡು ಬಂದವನೇ ಬೈದ: “ಮೊಸಳಿ ಐತಿ, ಹಿಂದಕ್ಕ ಸರೀರಿ ಅಂತ ಕೈ ಮಾಡಿದ್ರ, ನೀವು ನಕ್ಕೋತ ತಿರುಗಿ ಕೈ ಮಾಡ್ತೀರಲ್ರೀ!”

ಫೋಟೊ ಮಾತ್ರ ಭಾಳ ಛಲೋ ಬಂದಿದೆ. ಅವನ ಬನಿಯನ್ನಿನ ತೂತು ಕೂಡ ಕಾಣುತ್ತದೆ.